ಆಕ್ಸ್‌ಫರ್ಡ್‌ನ ಹಳೇ ಲೈಬ್ರರ್ಯಾಗ ಎಂಟು ವಾರ ಇಂಟರ್ನ್‌ಶಿಪ್, ಹೋಗ್ಲೋ ಬ್ಯಾಡೋ?

ಸಪ್ತಾಪುರದ_ಹುಡುಗಿ:
ನಮಸ್ಕಾರ್ರೀ ಎಲ್ಲಾರಿಗೂ. ನಾನು ಧಾರವಾಡದಾಗ ಎಂ.ಲಿಬ್ ಓದಾಕತ್ತೀನಿ, ಬರೋ ಬ್ಯಾಸಗಿಗೆ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರ್ಯಾಗ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದೆ, ಇಂಟರ್‌ವ್ಯೂ ಆಗೇತಿ, ಸಿಗೂ ಹಂಗ ಕಾಣಸತೈತಿ. ಹಳೇ ಪುಸ್ತಕ ಕಾಪಾಡೋ ಕೆಲಸ ಅಂತ. ಅವ್ವಗ ಖುಷಿ ಐತಿ ಆದ್ರ ಅಪ್ಪಾಜಿ ಏನಂತಾರ ಗೊತ್ತೇನ್ರಿ, "ಧೂಳಾ ಝಾಡಿಸಾಕ ಅಷ್ಟ ದೂರ ಯಾಕ ಹೊಂಟಿ, ನಮ್ಮ ಅಟ್ಟದ ಮ್ಯಾಲೆ ಬೇಕಾದಷ್ಟ ಐತಿ" ಅಂತ. ಯಾರರೆ ಹೋಗಿ ಬಂದವ್ರು ಇದ್ರ ಖರೇನ ಅಲ್ಲಿ ಏನ್ ಮಾಡಸ್ತಾರ ಹೇಳ್ರಿ. ರೊಕ್ಕದ್ದೂ ಚಿಂತಿ ಐತಿ.

ಹುಬ್ಬಳ್ಳಿ_ಗಿರ್ಮಿಟ್:
ಹೋಗವಾ ತಂಗಿ, ಫೋಟೋ ಅರೆ ಛಲೋ ಬರತಾವ 😄

ಗದಗಿನಾಂವ:
ತಂಗಿ, ನಾನು ನಾಕು ವರ್ಷದ ಹಿಂದ ಅಲ್ಲೇ ಹೋಗಿ ಬಂದೇನಿ. ಮೊದ್ಲ ಹೇಳ್ತೀನಿ, ನಿಮ್ಮ ಅಪ್ಪಾಜಿ ಅಂದಿದ್ದು ಅರ್ಧ ಖರೆ ಐತಿ, ಕೆಲಸ ಅಂದ್ರ ಧೂಳನ.

ನಾನು ಹೋಗೂ ಮುಂದ ತಿಳಕೊಂಡಿದ್ದು ಬಿಳೀ ಗ್ಲೌಸ್ ಹಾಕ್ಕೊಂಡು ನಾಕ್ನೂರು ವರ್ಷದ ಪುಸ್ತಕ ಓದಕೋತ ಕುಂದ್ರೂದು ಅಂತ. ಗ್ಲೌಸೂ ಇಲ್ಲ ಓದೂದೂ ಇಲ್ಲ. ಕೈ ತೊಳಕೊಂಡು ಪೂರಾ ಒಣಗಿಸ್ಕೊಂಡು ಬರೇ ಕೈಲೆ ಮುಟ್ಟಬೇಕು, ಯಾಕಂದ್ರ ಗ್ಲೌಸ್ ಹಾಕ್ಕೊಂಡ್ರ ಹಾಳಿ ಎಷ್ಟ ತೆಳ್ಳಗ ಐತಿ ಅನ್ನೂದು ಬೆರಳಿಗೆ ತಿಳಿಯಂಗಿಲ್ಲ, ಹರೀತೈತಿ. ಪೆನ್ ಒಳಗ ಒಯ್ಯಾಕ ಬಿಡಂಗಿಲ್ಲ, ಪೆನ್ಸಿಲ್ ಅಷ್ಟ. ಕನ್ಸರ್ವೇಷನ್ ವರ್ಕ್‌ಶಾಪ್ ಹಳೇ ಕಟ್ಟಡದಾಗ ಇಲ್ಲ, ರಸ್ತೆ ದಾಟಿದ್ರ ವೆಸ್ಟನ್ ಲೈಬ್ರರಿ, ಅಲ್ಲೈತಿ. ನಂಗ ಕೊಟ್ಟಿದ್ದು ಡಬ್ಬಿ ಮಾಡೂ ಕೆಲಸ. ಪುಸ್ತಕದ ಉದ್ದ, ಅಗಲ, ದಪ್ಪ ಅಳಿಯೂದು, ಅದೂ ಒಂದ ಕಡೆ ಅಲ್ಲ, ಮೂರ ಮೂರ ಕಡೆ, ಯಾಕಂದ್ರ ಹಳೇ ಪುಸ್ತಕ ಒಂದ ಕಡೆ ಉಬ್ಬಿರತಾವ ಇನ್ನೊಂದ ಕಡೆ ಕುಗ್ಗಿರತಾವ. ಆಸಿಡ್ ಇಲ್ಲದ ರಟ್ಟಿನಾಗ ಅದಕ್ಕ ಸರಿಯಾಗಿ ಡಬ್ಬಿ ಕತ್ತರಿಸೂದು. ಮೊದಲನೇ ವಾರ ನಂದು ಎರಡು ಡಬ್ಬಿ ಸಡ್ಲ ಆದ್ವು, ಮತ್ತ ಮಾಡಿಸಿದ್ರು, ಯಾರೂ ಬೈಲಿಲ್ಲ ಆದ್ರ ನಂಗ ನಾಚಿಕಿ ಆತು.

ಒಂದಿನ ದಪ್ಪಂದೊಂದು ಪುಸ್ತಕ ಬಂತು, ಮುಂದಿನ ರಟ್ಟಿನ ಅಂಚಿಗೆ ತುಕ್ಕಿನ ಕಲೆ, ಎರಡು ತೂತು. ಮೊದ್ಲ ಹುಳಾ ತಿಂದಾವ ಅನಕೊಂಡೆ. ಆಮ್ಯಾಲೆ ಹೇಳಿದ್ರು, ಅದು ಸರಪಳಿ ಹಾಕಿದ್ದ ಜಾಗ ಅಂತ. ಆಗ ಪುಸ್ತಕಾನ ಕಪಾಟಿಗೆ ಸರಪಳಿಲೆ ಕಟ್ಟತಿದ್ರು, ಬೆನ್ನು ಒಳಗ ಮಾಡಿ ಹಾಳಿ ಅಂಚು ಹೊರಗ ಇಡ್ತಿದ್ರು, ಅಂದ್ರ ಸರಪಳಿ ಸಿಕ್ಕಿಹಾಕ್ಕೊಳ್ಳಂಗಿಲ್ಲ. ದನ ಕಟ್ಟಿದಂಗ ಪುಸ್ತಕ ಕಟ್ಟಿದ್ದು ನೋಡ್ರಿ! ಆ ತುಕ್ಕಿನ ಮ್ಯಾಲೆ ಬೆರಳಿಟ್ಟಾಗ ಏನೋ ಒಂಥರಾ ಆತು, ಅದನ್ನ ಬರ್ಯಾಕ ಬರೂದಿಲ್ಲ ನಂಗ.

ಇನ್ನೊಂದು, ಕಾರ್ಡ್ ಕೊಡೂ ಮುಂದ ಪ್ರಮಾಣ ಓದಸ್ತಾರ, ಪುಸ್ತಕ ಕೆಡಸಂಗಿಲ್ಲ, ಒಳಗ ಬೆಂಕಿ ತರಂಗಿಲ್ಲ ಹಚ್ಚಂಗಿಲ್ಲ ಅಂತ. ಖಂಡೇನವಮಿಗೆ ಪುಸ್ತಕದ ಮುಂದ ದೀಪಾ ಊದಿನಕಡ್ಡಿ ಹಚ್ಚೂ ಮಂದಿ ನಾವು, ನಗು ತಡ್ಯಾಕ ಆಗಲಿಲ್ಲ. ಆದ್ರ ಅದು 1602ರಾಗ ಸುರು ಆದ ಲೈಬ್ರರಿ, ಛತ್ತು ಕಪಾಟು ಎಲ್ಲಾ ಕಟ್ಟಿಗಿದ್ದು. ಪುಸ್ತಕಾನೂ ಹೊರಗ ಬಿಡೂದಿಲ್ಲ. 1645ರಾಗ ಅವರ ರಾಜಾ ಒಂದನೇ ಚಾರ್ಲ್ಸ್ ಒಂದು ಪುಸ್ತಕ ಕೇಳಿ ಕಳಿಸಿದ್ನಂತ, ಲೈಬ್ರರಿಯನ್ ನಿಯಮ ತೋರಿಸಿ ಆಗಂಗಿಲ್ಲ ಅಂದ. ರಾಜಾನೂ ಒಪ್ಪಿದ. ನಮ್ಮಲ್ಲಿ ಮೆಂಬರ್ ಒಬ್ಬರು ಒಯ್ದ ಪುಸ್ತಕ ವಾಪಸ್ ಕೇಳಿದ್ರ ಮಾರಿ ತಿರುಗಸ್ತಾರ, ಇರ್ಲಿ ಅದು ಬ್ಯಾರೆ ಮಾತು.

ಹಾವೇರಿ_ಅಕ್ಕ:
ರೊಕ್ಕಕ್ಕಿಂತ ಮೊದ್ಲ ವೀಸಾದ ಮಾತು, ಅದನ್ನ ಯಾರೂ ಹೇಳವಲ್ರು, ನಾ ಹೇಳ್ತೀನಿ. ವಿಸಿಟರ್ ವೀಸಾದ ಮ್ಯಾಲೆ ಅಲ್ಲಿ ಇಂಟರ್ನ್‌ಶಿಪ್ ಮಾಡಾಕ ಬರಂಗಿಲ್ಲವಾ, ಸಂಬಳ ಇರ್ಲಿ ಬಿಡ್ಲಿ. ಗವರ್ನ್‌ಮೆಂಟ್ ಆಥರೈಸ್ಡ್ ಎಕ್ಸ್‌ಚೇಂಜ್ ಅಂತ ಟೆಂಪರರಿ ವರ್ಕ್ ವೀಸಾ ಐತಿ, ಅದಕ್ಕ ಸ್ಪಾನ್ಸರ್ ಕಡೆಯಿಂದ ಸರ್ಟಿಫಿಕೇಟ್ ಬೇಕು, ಅದು ಯಾರು ಕೊಡ್ತಾರ ಅಂತ ಮೊದ್ಲ ಕೇಳು. ನನ್ನ ಮಗಗ ಇಲ್ಲೊಬ್ಬ ಏಜೆಂಟ್ "ವಿಸಿಟರ್‌ದಾಗ ಹೋಗಲಿ ಯಾರು ನೋಡ್ತಾರ" ಅಂದು ರೊಕ್ಕಾ ತಿಂದ, ಆಮ್ಯಾಲೆ ಫೋನೂ ಎತ್ತಲಿಲ್ಲ. ಟಿಕೆಟ್ ಆಮ್ಯಾಲೆ ತಗಿ. ಚಟ್ನಿಪುಡಿ, ಖಡಕ್ ರೊಟ್ಟಿ ಕಟಗೊಂಡು ಹೋಗು.

ಸಪ್ತಾಪುರದ_ಹುಡುಗಿ:
ಅಕ್ಕಾರ ಭಾಳ ಉಪಕಾರ ಆತ್ರಿ, ನಾಳೇನ ಮೇಲ್ ಮಾಡಿ ಸರ್ಟಿಫಿಕೇಟ್ ಕೇಳ್ತೀನಿ. ಗದಗಿನ ಅಣ್ಣಾರ, ಹರಿದ ಹಾಳಿ ಹೆಂಗ ಅಂಟಸ್ತಾರ್ರಿ? ಅಲ್ಲಿ ಕಲತಿದ್ದು ಇಲ್ಲಿ ಉಪಯೋಗಕ್ಕ ಬಂತೇನು?

ಗದಗಿನಾಂವ:
ಗೋದಿ ಗಂಜಿ ತಂಗಿ, ಬರೇ ಗೋದಿ ಪಿಷ್ಟ ಕುದಿಸಿ ಸೋಸಿದ ಅಂಟು, ಮ್ಯಾಲೆ ಜಪಾನಿ ತೆಳು ಕಾಗದ. ಫೆವಿಕಾಲ್, ಸೆಲ್ಲೋಟೇಪ್ ಮುಟ್ಟಂಗಿಲ್ಲ, ಗಂಜಿ ಆದ್ರ ನಾಳೆ ಬೇಕಂದ್ರ ನೀರು ಹಚ್ಚಿ ಬಿಡಿಸಾಕ ಬರತೈತಿ. ನಮ್ಮಲ್ಲಿ ತಾಳೆಗರಿದ್ದು ಬ್ಯಾರೆ ರೀತಿ, ಅದಕ್ಕ ನಿಂಬಿಹುಲ್ಲಿನ ಎಣ್ಣಿ, ಅಕ್ಷರ ಮಸಕಾದ್ರ ಕಾಡಿಗಿ. ಉಪಯೋಗ ಅಂದ್ರ, ಬಂದ ಮ್ಯಾಲೆ ನಮ್ಮೂರ ಮಠದಾಗ ತಾಳೆಗರಿ ಕಟ್ಟಿಗೆ ಡಬ್ಬಿ ಮಾಡಿಕೊಟ್ಟೆ, ಹನ್ನೊಂದು. ಒಂದೂ ಸಡ್ಲಾಗಲಿಲ್ಲ.

ಸಪ್ತಾಪುರದ_ಹುಡುಗಿ:
ಇದನ್ನೆಲ್ಲಾ ಅಪ್ಪಾಜಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದ್ರ ಸಂಜಿಕ ಅಟ್ಟ ಹತ್ತಿ ಮುತ್ತ್ಯಾನ ಕಾಲದ ಕಿರ್ದಿ ಪುಸ್ತಕ ಇಳಿಸ್ಯಾರ, ಯಾವ ಬ್ರಷ್ ತರಬೇಕು ಕೇಳು ಅನ್ನಾಕತ್ತಾರ.

ಗದಗಿನಾಂವ:
ಮೆತ್ತನ ಕೂದಲಿನ ಅಗಲ ಬ್ರಷ್. ಪುಸ್ತಕ ಗಟ್ಟಿಯಾಗಿ ಮುಚ್ಚಿ ಹಿಡಕೊಂಡು ಬೆನ್ನಿನ ಕಡೆಯಿಂದ ಹೊರಗ ಝಾಡಿಸಬೇಕು, ಫ್ಯಾನ್ ಬಂದ್ ಮಾಡಿ, ಮಾರಿಗೆ ಮಾಸ್ಕ್ ಹಾಕ್ಕೊಂಡು.