ಫೋನ್ ಹಿಡಿಯುವ ಬದಿಯ ಜೊಲ್ಲುಗ್ರಂಥಿಗೆ ತೊಂದರೆ ಇದೆಯಾ?

ಮಂಡಿಪೇಟೆ, ದಾವಣಗೆರೆ:
ಎಪಿಎಂಸಿ ದಲ್ಲಾಳಿ ಅಂಗಡಿಗಳಲ್ಲಿ ದಿನಕ್ಕೆ ನಾಲ್ಕೈದು ತಾಸು ಒಂದೇ ಕಿವಿಗೆ ಫೋನ್ ಒತ್ತಿಕೊಂಡು ರೇಟ್ ಮಾತಾಡೋರು ಬಹಳ. ಸಂಜೆಗೆ ಆ ಬದಿ ಕೆನ್ನೆ ಬಿಸಿ, ಬಾಯಿ ಒಣ. ಗಡ್ಡೆ ಆಗುತ್ತೆ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ನಿಜ ಎಷ್ಟು?

ಬಾಯಿ-ಹಲ್ಲು:
ಕಿವಿಯ ಮುಂದೆ, ಕೆಳಗೆ ಇರೋದು ಪೆರೋಟಿಡ್, ಜೊಲ್ಲುಗ್ರಂಥಿಗಳಲ್ಲೇ ದೊಡ್ಡದು. ಫೋನ್ ಕೂರೋದೂ ಅಲ್ಲೇ, ಅದಕ್ಕೇ ಈ ಅನುಮಾನ. 2008ರಲ್ಲಿ ಇಸ್ರೇಲಿನವರು 460 ಪೆರೋಟಿಡ್ ಗಡ್ಡೆ ರೋಗಿಗಳನ್ನು ನೋಡಿದರು. ಒಟ್ಟಾರೆ ಅಪಾಯ ಹೆಚ್ಚಿರಲಿಲ್ಲ. ಅತಿ ಹೆಚ್ಚು ಮಾತಾಡಿದವರಲ್ಲಿ ಮಾತ್ರ, ಫೋನ್ ಹಿಡಿಯುವ ಬದಿಗೆ ಸುಮಾರು ಒಂದೂವರೆ ಪಟ್ಟು ಕಂಡಿತು. ಆದರೆ ಗಡ್ಡೆ ಬಂದವರು "ಇದೇ ಕಿವಿಗೆ ಹಿಡೀತಿದ್ದೆ" ಅಂತ ನೆನಪಿಸಿಕೊಳ್ಳೋದು ಸಹಜ, ಲೆಕ್ಕ ಅಲ್ಲೇ ವಾಲುತ್ತೆ. ಸ್ವೀಡನ್-ಡೆನ್ಮಾರ್ಕ್ ಅಧ್ಯಯನದಲ್ಲಿ ಸಂಬಂಧ ಸಿಗಲಿಲ್ಲ. ಫೋನ್ ಹಿಡಿಯುವ ಬದಿಯಲ್ಲಿ ಜೊಲ್ಲು ತುಸು ಜಾಸ್ತಿ, ಅದರಲ್ಲಿ ಪ್ರೋಟೀನ್ ಕಡಿಮೆ ಅಂತ ಸಣ್ಣ ಅಧ್ಯಯನಗಳಿವೆ, ಅದು ರೋಗವಲ್ಲ.

ಬಾಯಿ ಒಣಗೋದನ್ನ ಫೋನ್ ಮೇಲೆ ಹಾಕಬೇಡಿ. ಗುಟ್ಕಾ, ನೀರು ಕುಡಿಯದೆ ಗಂಟೆಗಟ್ಟಲೆ ಮಾತು, ಸಕ್ಕರೆ ಕಾಯಿಲೆ, ಕೆಲವು ಬಿಪಿ ಮಾತ್ರೆ, ಇವನ್ನ ಮೊದಲು ನೋಡ್ರಿ.

ಟವರ್ ಕೆಲಸ, ಚಿತ್ರದುರ್ಗ:
ಕೆನ್ನೆ ಬಿಸಿ ಬಹುಪಾಲು ಬ್ಯಾಟರಿದು, ಜೊತೆಗೆ ಗಾಳಿ ಆಡದಂಗೆ ಒತ್ತಿ ಹಿಡಿಯೋದ್ರಿಂದ. ತಗಡಿನ ಗೋದಾಮಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ರೆ ಫೋನ್ ತನ್ನ ಪವರ್ ಏರಿಸ್ತದೆ. ಬಾಗಿಲ ಹತ್ರ ಬಂದು ಮಾತಾಡ್ರಿ. 4ಜಿ ಫೋನ್ ಗರಿಷ್ಠ ಬಿಡೋದು ಸುಮಾರು 0.2 ವ್ಯಾಟ್. ಸ್ಪೀಕರ್ ಹಾಕಿ ಒಂದು ಗೇಣು ದೂರ ಹಿಡಿದ್ರೆ ತಲೆಗೆ ತಾಗೋದು ಬಹಳ ಇಳೀತದೆ. ನಮ್ಮಲ್ಲಿ ಎಸ್‌ಎಆರ್ (ಫೋನ್ ಅಲೆಗಳ ಶಕ್ತಿ ಮೈ ಎಷ್ಟು ಹೀರ್ತದೆ ಅನ್ನೋ ಅಳತೆ) ಮಿತಿ ಕಿಲೋಗೆ 1.6 ವ್ಯಾಟ್. *#07# ಒತ್ತಿದ್ರೆ ಎಷ್ಟೋ ಫೋನಲ್ಲಿ ಆ ಫೋನಿನ ಅಳತೆ ಬರ್ತದೆ.

ಮಂಡಿಪೇಟೆ, ದಾವಣಗೆರೆ:
ಊಟಕ್ಕೆ ಕೂತಾಗ ದವಡೆ ಕೆಳಗೆ ಉಬ್ಬಿ, ಆಮೇಲೆ ಇಳಿದ್ರೆ?

ಬಾಯಿ-ಹಲ್ಲು:
ಅದು ಜೊಲ್ಲು ಹರಿಯುವ ನಾಳದಲ್ಲಿ ಕಲ್ಲು ಇರುವ ಲಕ್ಷಣ. ಜೊಲ್ಲುಗ್ರಂಥಿಯ ಕಲ್ಲುಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ದವಡೆ ಕೆಳಗಿನ ಗ್ರಂಥಿಯವೇ: ಅಲ್ಲಿ ಜೊಲ್ಲು ಮಂದ, ನಾಳ ಮೇಲ್ಮುಖ. ಅಲ್ಟ್ರಾಸೌಂಡ್ ಮಾಡಿಸಿ. ಜ್ವರ, ಕೀವು ಇದ್ದರೆ ಅದೇ ದಿನ ಹೋಗಿ. ಪೆರೋಟಿಡ್ ನಾಳ ತೆರೆಯೋದು ಮೇಲಿನ ಎರಡನೇ ದವಡೆ ಹಲ್ಲಿನ ಎದುರು, ಕೆನ್ನೆಯ ಒಳಗೆ. ಕಿವಿಯ ಕಡೆಯಿಂದ ಮುಂದಕ್ಕೆ ಮೆಲ್ಲಗೆ ಒತ್ತಿದರೆ ತಿಳಿ ಜೊಲ್ಲು ಬರಬೇಕು. ನೋವಿಲ್ಲದ ಗಂಟು ಎರಡು ಮೂರು ವಾರ ಇಳಿಯದಿದ್ದರೆ ಸೂಜಿ ಪರೀಕ್ಷೆ ಬೇಕು. ಮುಖದ ಒಂದು ಬದಿ ಸೋತರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ ಒಂದು ದಿನವೂ ಕಾಯಬೇಡಿ. ಮುಖದ ನರ ಪೆರೋಟಿಡ್ ಒಳಗಿಂದಲೇ ಹಾಯುತ್ತೆ.