ಬಾಡಿಗೆಗೆ ಕೊಡಲು ಮೊದಲ ಮನೆ: ಕೊಳ್ಳುವ ಮುಂಚೆ ಏನು ನೋಡಬೇಕು?

ನಮಸ್ಕಾರ. ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕು ಅಂತಿದ್ದೇನೆ. ಇದೇ ಮೊದಲು. ಬೆಲೆ 100 ಅಂದರೆ ನನ್ನ ಕೈಯಲ್ಲಿ 20 ಇದೆ, ಉಳಿದ 80 ಸಾಲ. ಬಾಡಿಗೆಯಲ್ಲೇ ಕಂತು ತೀರುತ್ತಾ? ಪತ್ರ ಯಾವಾಗ ನೋಡಿಸಬೇಕು? ಬೆಲೆ ಇಳಿಯುವವರೆಗೆ ಕಾಯಲಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1
ಕಂತಿನ ಪ್ರಶ್ನೆ ನನ್ನನ್ನೂ ಕಾಡಿತ್ತು. ಮಾರುವವರೇ ಒಂದು ಲೆಕ್ಕ ಬರೆದುಕೊಟ್ಟರು. ಅದರಲ್ಲಿ 12 ತಿಂಗಳ ಬಾಡಿಗೆ ಇತ್ತು. ಮೊದಲ ವರ್ಷ ನನ್ನ ಕೈಗೆ ಬಂದದ್ದು 10 ತಿಂಗಳದ್ದು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಆರರಲ್ಲಿ ಒಂದು ಪಾಲು ಹಾಗೇ ಮಾಯ. ಕಂತನ್ನು ಮಾತ್ರ 12 ಸಲವೂ ಕಟ್ಟಿದೆ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಬೆಲೆ 100, ವರ್ಷದ ಬಾಡಿಗೆ 6 ಅಂದುಕೊಳ್ಳೋಣ. ಖಾಲಿ ತಿಂಗಳು, ರಿಪೇರಿ, ಬಣ್ಣ, ತೆರಿಗೆ, ವಿಮೆ ಎಲ್ಲ ಕಳೆದರೆ 4 ಉಳಿದೀತು. ಶೇ 9 ಬಡ್ಡಿಗೆ 20 ವರ್ಷದ ಸಾಲ ಅಂದರೆ 80ಕ್ಕೆ ವರ್ಷದ ಕಂತು ಸುಮಾರು 8.6. ಉಳಿದ 4.6 ನಿಮ್ಮ ಸಂಬಳದಿಂದಲೇ ಹೋಗಬೇಕು. ಅದು ನಿಮ್ಮಿಂದ ಆಗುತ್ತೆ ಅಂದರೆ ಮುಂದುವರಿಯಿರಿ. ಆಗಲ್ಲ ಅಂದರೆ ಇನ್ನೂ ಸಣ್ಣ ಮನೆ ನೋಡಿ, ಇಲ್ಲಾ ಕೈಯಲ್ಲಿ ಜಾಸ್ತಿ ಹಣ ಸೇರುವವರೆಗೆ ತಡೆಯಿರಿ. ಬಾಡಿಗೆ ಎಷ್ಟು ಬರುತ್ತೆ ಅಂತ ಮಾರುವವರನ್ನು ಕೇಳಬೇಡಿ, ಪಕ್ಕದ ಬಾಡಿಗೆದಾರರನ್ನು ಕೇಳಿ.

ಉತ್ತರ 2
ಪತ್ರದ ಬಗ್ಗೆ ನಾನು ಹೇಳುತ್ತೇನೆ. ಮುಂಗಡ ಕೊಟ್ಟ ಮೇಲೆ ಪತ್ರ ನೋಡಿಸಿದೆ, ಅದೇ ತಪ್ಪಾಯಿತು. ಮನೆಯಲ್ಲಿ ಮಾರುವವರ ಅಣ್ಣನಿಗೂ ಪಾಲಿತ್ತು. ಅವರು ಸಹಿ ಹಾಕಲು ಒಪ್ಪಲಿಲ್ಲ. ಮುಂಗಡ ವಾಪಸ್ ಬರಲು 14 ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಿಲ್ಲ.

ಒಂದು ರೂಪಾಯಿ ಕೊಡುವ ಮುಂಚೆಯೇ ವಕೀಲರಿಗೆ ತೋರಿಸಿ. ವಕೀಲರನ್ನು ನೀವೇ ಹುಡುಕಿ, ಬ್ರೋಕರ್ ಕರೆತಂದವರು ಬೇಡ. ಮಾರುವವರಿಗೆ ಪೂರ್ತಿ ಹಕ್ಕಿದೆಯಾ, ಆಸ್ತಿ ಮೇಲೆ ಹಳೇ ಸಾಲ ಇದೆಯಾ, ಕೇಸ್ ನಡೀತಿದೆಯಾ, ಕಟ್ಟಿರುವುದು ಅನುಮತಿ ಪ್ರಕಾರವೇ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಹಾಗೇ, ಜೋರು ಮಳೆ ಬಂದ ಮಾರನೆ ದಿನ ಮನೆಗೆ ಹೋಗಿ. ಹೊಸ ಬಣ್ಣದ ಹಿಂದಿನ ತೇವ ಆಗ ಕಾಣುತ್ತೆ.

ಉತ್ತರ 3
ಬೆಲೆ ಯಾವಾಗ ಇಳಿಯುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಕೊಂಡ ಮೇಲೆ ಇಳಿದರೆ ತಡೆಯುತ್ತೀರಾ ಅನ್ನೋದನ್ನ ಮೊದಲು ನೋಡಿ. ಬೆಲೆ ಶೇ 10 ಇಳಿದರೆ ಸಾಲ 80 ಹಾಗೇ ಇರುತ್ತೆ, ನಿಮ್ಮ 20 ಮಾತ್ರ 10 ಆಗುತ್ತೆ. ಆದರೆ ಅದು ಮಾರಿದಾಗ ತಟ್ಟುವ ನಷ್ಟ. ಅವಸರಕ್ಕೆ ಮಾರುವ ಪರಿಸ್ಥಿತಿ ಬರಬಾರದು, ಅಷ್ಟೇ. ನಾನು ಆರು ತಿಂಗಳ ಕಂತನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೆ. ಕೆಲಸ ಹೋದಾಗ ಮನೆ ಉಳಿದದ್ದು ಅದರಿಂದಲೇ.

ಇನ್ನೊಂದು ಮಾತು. ಮೊದಲ ಉತ್ತರದಲ್ಲಿರುವ ಸಾಲದಲ್ಲೇ 10 ವರ್ಷ ಕಟ್ಟಿದ ಮೇಲೂ ಅಸಲಿನ ಸುಮಾರು ಶೇ 71 ಬಾಕಿ ಇರುತ್ತೆ. ಮೂರ್ನಾಲ್ಕು ವರ್ಷಕ್ಕೆ ಮಾರುವ ಯೋಚನೆ ಇದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೇಳಿದವರು
ಎಲ್ಲರಿಗೂ ತುಂಬಾ ಧನ್ಯವಾದ. ನಾಳೆ ಮುಂಗಡ ಕೊಡುವುದಿತ್ತು. ಪತ್ರ ನೋಡಿಸಿದ ಮೇಲೆ ಕೊಡುತ್ತೇನೆ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ.