ಚಳಿಗಾಲದ ತುರಹಳ್ಳಿ: ನಡೆಯುವವರಿಗೆ, ದಾರಿ ನೋಡಿಕೊಳ್ಳುವವರಿಗೆ

ಪ್ರಶ್ನೆ:
ಬೆಂಗಳೂರಿನ ದಕ್ಷಿಣದ ವಾಜರಹಳ್ಳಿ ಕಡೆಗೆ ಈಚೆಗೆ ಮನೆ ಬದಲಾಯಿಸಿದ್ದೇವೆ. ತುರಹಳ್ಳಿ ಕಾಡು ಹತ್ತಿರವೇ ಇದೆ. ಚಳಿಗಾಲದಲ್ಲಿ ಮಗನ ಜೊತೆ ಬೆಳಿಗ್ಗೆ ಅಲ್ಲಿ ನಡೆಯಬೇಕು ಅಂತ ಆಸೆ. ಆದರೆ ಕಾಲುದಾರಿಗಳ ಮೇಲೆ ಲಂಟಾನ ಬಾಗಿಕೊಂಡಿದೆ, ಇಳಿಜಾರಲ್ಲಿ ಮಣ್ಣು ಕೊಚ್ಚಿಹೋಗಿದೆ. ಭಾನುವಾರ ನಾಲ್ಕು ಜನ ಸೇರಿ ಸರಿ ಮಾಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ತಲಘಟ್ಟಪುರದಿಂದ:
ನಡೆಯೋದಕ್ಕೆ ಧಾರಾಳವಾಗಿ ಬನ್ನಿ ಸರ್. ದಾರಿಗೆ ಕೈ ಹಾಕೋ ಮುಂಚೆ ಮಾತ್ರ ಸ್ವಲ್ಪ ತಡೆಯಿರಿ.

ತುರಹಳ್ಳಿ ಬಡಾವಣೆಯ ಪಾರ್ಕ್ ಅಲ್ಲ, ಅರಣ್ಯ ಇಲಾಖೆಯ ಕಾಡು. ಮಚ್ಚು, ಗುದ್ದಲಿ ಹಿಡಿದು ಒಳಗೆ ಹೋದರೆ ಗಾರ್ಡ್ ಕಣ್ಣಿಗೆ ನೀವು ಮರ ಕಡಿಯಲು ಬಂದವರೇ. ಅವರ ತಪ್ಪೇನೂ ಇಲ್ಲ. ಅನುಮತಿ ಇಲ್ಲದೆ ಗಿಡ ಕಡಿಯೋದು, ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಕೊಡಿ. ಯಾವ ಭಾನುವಾರ, ಎಷ್ಟು ಜನ, ಯಾವ ದಾರಿ, ಏನು ಕೆಲಸ ಅಂತ ಬರೆದು ಫೋಟೋ ಲಗತ್ತಿಸಿ. ಒಪ್ಪಿದರೆ ಜೊತೆಗೆ ಒಬ್ಬ ವಾಚರ್ ಕಳಿಸಿ ಅಂತಲೂ ಕೇಳಿ. ಯಾವ ಗಿಡ ಮುಟ್ಟಬಾರದು ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. 2021ರ ಶುರುವಿನಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಿತ್ತು. ಸುತ್ತಲಿನ ಜನ ಬೀದಿಗಿಳಿದರು, ಯೋಜನೆ ನಿಂತಿತು. ಹಾಗಾಗಿ ದಾರಿ ಅಗಲ ಮಾಡೋಕೆ ಹೊರಟರೆ ಇಲಾಖೆಗಿಂತ ಮೊದಲು ವಾಕಿಂಗ್ ಬರುವವರೇ ಜಗಳಕ್ಕೆ ನಿಲ್ಲುತ್ತಾರೆ. ನಾನೂ ಅವರ ಕಡೆಯೇ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ದಾರಿ ಸಾಕು. ಎರಡು ಜನ ಪಕ್ಕ ಪಕ್ಕ ಮಾತಾಡಿಕೊಂಡು ನಡೆಯೋಕೆ ಬೇರೆ ಪಾರ್ಕುಗಳಿವೆ, ಅಲ್ವಾ?

ಈಗ ಕೊಚ್ಚಿಹೋದ ಜಾಗದ ಮಾತು. ಎಲ್ಲರೂ ಮೊದಲು ಮಾಡೋದು ಕೊರಕಲಿಗೆ ಮಣ್ಣು ತುಂಬೋದು. ಮುಂದಿನ ಜೋರು ಮಳೆಗೆ ಆ ಮಣ್ಣೂ ಹೋಗುತ್ತದೆ. ಕೊರಕಲನ್ನು ಬಿಟ್ಟು ಮೇಲಕ್ಕೆ ಹತ್ತಿ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ ನೋಡಿ. ಅಲ್ಲಿ ತರಗೆಲೆ ಒಂದೇ ಕಡೆ ಸಾಲಾಗಿ ಸಿಕ್ಕಿಕೊಂಡಿರುತ್ತದೆ, ಸಣ್ಣ ಮರಳು ಗೆರೆ ಬಿದ್ದಿರುತ್ತದೆ. ಅದರ ಸ್ವಲ್ಪ ಕೆಳಗೆ ದಾರಿಗೆ ಅಡ್ಡಲಾಗಿ ಒಂದು ಸಾಲು ಕಲ್ಲು ಕೂರಿಸಬೇಕು. ಸಾಲು ಓರೆಯಾಗಿರಲಿ. ನೇರ ಅಡ್ಡ ಇಟ್ಟರೆ ನೀರು ಹಿಂದೆ ನಿಂತು, ತುಂಬಿ, ಕಲ್ಲಿನ ಮೇಲಿಂದಲೇ ಹಾರುತ್ತದೆ. ಓರೆ ಇದ್ದರೆ ಪಕ್ಕಕ್ಕೆ ತಿರುಗಿ ಹುಲ್ಲಿನೊಳಗೆ ಹೋಗುತ್ತದೆ. ಕಲ್ಲಿನ ಬಹುಪಾಲು ಮಣ್ಣೊಳಗೆ ಇರಬೇಕು, ತಲೆ ಮಾತ್ರ ಮೇಲೆ. ಸಂದಿಗೆ ಜಲ್ಲಿ ಹಾಕಿ ಹಾರೆಯ ಹಿಂಬದಿಯಿಂದ ಗುದ್ದಿ ಬಿಗಿ ಮಾಡಿ. ಆಮೇಲೆ ಮೇಲೆ ನಿಂತು ಕುಣಿದು ನೋಡಿ. ಕದಲಿದರೆ ಕಿತ್ತು ಮತ್ತೆ ಕೂರಿಸಿ. ಸೈಕಲ್ಲಿನವರು ಬಂದೇ ಬರುತ್ತಾರೆ, ಸಡಿಲ ಕಲ್ಲು ಅವರ ಚಕ್ರಕ್ಕೆ ಅಪಾಯ.

ಈ ಕೆಲಸ ಡಿಸೆಂಬರ್‌ನಲ್ಲೇ ಮುಗಿಸಿ. ಹಿಂಗಾರು ಮುಗಿದು ಮಣ್ಣು ಇನ್ನೂ ಹಸಿ ಇರುತ್ತದೆ. ಸಂಕ್ರಾಂತಿ ಕಳೆದರೆ ಹಾರೆ ಬರೀ ಟಣ್ ಅನ್ನುತ್ತದೆ, ಒಂದು ಕಲ್ಲಿಗೆ ಗುಂಡಿ ತೋಡೋದರಲ್ಲೇ ಬೆಳಗಾಗಿ ಹೋಗುತ್ತದೆ. ಪತ್ರಕ್ಕೆ ಉತ್ತರ ಬರೋದು ತಡವಾಗಬಹುದು, ಅದಕ್ಕೇ ನವೆಂಬರ್‌ನಲ್ಲೇ ಕೊಟ್ಟುಬಿಡಿ.

ಜನ ಸುಮ್ನೆ ತುಳಿದು ಮಾಡಿದ ಅಡ್ಡದಾರಿಗಳಿಗೆ ಎರಡೂ ತುದಿಯಲ್ಲಿ ಒಣ ಮುಳ್ಳು ಕೊಂಬೆ ಎಳೆದು ಹಾಕಿ. ಅಷ್ಟು ಸಾಕು.

ಜೆ.ಪಿ. ನಗರದಿಂದ:
ಲಂಟಾನ ವಿಷಯ ಮೇಲಿನವರು ಬಿಟ್ಟರು, ನಾನು ಹೇಳ್ತೀನಿ. ಮಚ್ಚಿನಿಂದ ಕಡಿದರೆ ನೋಡೋಕೆ ಸ್ವಚ್ಛ. ಆದರೆ ಮಳೆ ಬಿದ್ದ ಕೂಡಲೇ ಬುಡದಿಂದ ಒಂದಕ್ಕೆ ನಾಲ್ಕು ಚಿಗುರು ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಒಂದು ಕ್ರಮ ರೂಪಿಸಿದೆ, ನಾವು ಅದನ್ನೇ ಮಾಡ್ತೀವಿ. ಬುಡದ ಸುತ್ತ ಕೈಯಿಂದ ಮಣ್ಣು ಸರಿಸಿ. ಕಾಂಡ ಮುಗಿದು ತಾಯಿಬೇರು ಶುರುವಾಗುವ ಗಂಟು ಕಾಣುತ್ತದೆ. ಆ ಗಂಟಿನ ಕೆಳಗೆ, ನೆಲದಿಂದ ಮೂರ್ನಾಲ್ಕು ಸೆಂಟಿಮೀಟರ್ ಒಳಗೆ, ಬೇರನ್ನು ಕತ್ತರಿಸಬೇಕು. ಇಡೀ ಪೊದೆ ಎತ್ತಿ ಅಲ್ಲೇ ತಲೆಕೆಳಗು ಮಾಡಿ ಇಡಿ, ಬೇರು ಆಕಾಶ ನೋಡಲಿ. ಮಣ್ಣು ತಾಗಿದರೆ ಮತ್ತೆ ಬೇರು ಬಿಡುತ್ತದೆ. ಆಳವಾಗಿ ಅಗೆಯೋದು ಬೇಡ. ಅಗೆದಷ್ಟೂ ಮಣ್ಣು ಸಡಿಲ, ಬೇರೆ ಕಳೆಗೆ ಹಬ್ಬ.

ಕಪ್ಪು ಹಣ್ಣು ಬಿಟ್ಟ ಕೊಂಬೆಗಳನ್ನು ಮೊದಲು ಮುರಿದು ಗೋಣಿಚೀಲಕ್ಕೆ ಹಾಕಿಕೊಳ್ಳಿ. ಎಳೆದಾಡಿದರೆ ದಾರಿಯುದ್ದಕ್ಕೂ ನೀವೇ ಬೀಜ ಬಿತ್ತಿದ ಹಾಗೆ. ಎಲ್ಲಾ ಪೊದೆ ತೆಗೆಯುವ ಉತ್ಸಾಹವೂ ಬೇಡ. ಪಿಕಳಾರ ಹಕ್ಕಿಗಳು ಅದರೊಳಗೇ ಕೂರುತ್ತವೆ. ದಾರಿಗೆ ಬಾಗಿದ್ದನ್ನಷ್ಟೇ ತೆಗೆಯಿರಿ. ತೆಗೆದ ಜಾಗದಲ್ಲಿ ಊರಿನದೇ ಗಿಡದ ಸಸಿ ಕಂಡರೆ ಪಕ್ಕಕ್ಕೆ ಒಂದು ಕಲ್ಲಿಟ್ಟು ಗುರುತು ಮಾಡಿ, ಇಲ್ಲಾಂದ್ರೆ ಮುಂದಿನವರು ತುಳಿದು ಹಾಕ್ತಾರೆ.

ಕಾಂಗ್ರೆಸ್ ಗಿಡ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರಿಗೆ ಮೈಯೆಲ್ಲಾ ಕೆರೆತ ಬರುತ್ತದೆ, ಉಬ್ಬಸ ಇರುವವರು ಹತ್ತಿರವೂ ಹೋಗಬಾರದು.

(ಲಂಟಾನ ವ್ಯರ್ಥ ಅನ್ನುವವರು ಮಲೆ ಮಹದೇಶ್ವರ ಬೆಟ್ಟದ ಕಡೆ ಹೋದಾಗ ಸೋಲಿಗರು ಅದರ ಕಡ್ಡಿಯಲ್ಲಿ ಮಾಡುವ ಕುರ್ಚಿ, ಬುಟ್ಟಿ ನೋಡಿ. ನಮ್ಮ ಮನೆಯಲ್ಲೂ ಒಂದು ಕುರ್ಚಿ ಇದೆ, ಗಟ್ಟಿಮುಟ್ಟಾಗಿದೆ.)

ಉತ್ತರಹಳ್ಳಿಯಿಂದ:
ನಾನು ಬರೀ ನಡೆಯುವವನು, ಅಷ್ಟೇ ಹೇಳ್ತೀನಿ. ಐದೂವರೆಗೆ ಎದ್ದು ಓಡಬೇಡಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಆರೂ ಮುಕ್ಕಾಲಿಗೆ. ಬನ್ನೇರುಘಟ್ಟ ಕಡೆಯಿಂದ ಚಿರತೆ ಬರೋದುಂಟು. 2022ರ ಡಿಸೆಂಬರ್‌ನಲ್ಲಿ ಈ ಭಾಗದಲ್ಲೇ ಕಾಣಿಸಿಕೊಂಡು ದೊಡ್ಡ ಸುದ್ದಿಯಾಗಿತ್ತು. ಪೂರ್ತಿ ಬೆಳಕಾದ ಮೇಲೆ ಹೋಗಿ, ಒಳಗೆ ಹೋಗೋ ಮುಂಚೆ ಗಾರ್ಡ್ ಹತ್ತಿರ ಆ ವಾರದ ಕತೆ ಕೇಳಿ. ಮಗ ನಿಮ್ಮ ಮುಂದೆ ಓಡದೆ ಪಕ್ಕದಲ್ಲೇ ಇರಲಿ.

ಚಳಿಗೆ ಹಾವು ಇರಲ್ಲ ಅಂತ ಯಾರೋ ಹೇಳ್ತಾರೆ, ನಂಬಬೇಡಿ. ಬಿಸಿಲು ಬಿದ್ದ ಬಂಡೆ ಮೇಲೆ ಮೈ ಕಾಯಿಸಿಕೊಳ್ಳೋಕೆ ಬರುತ್ತವೆ. ಕೊಳಕುಮಂಡಲ ಒಣ ಎಲೆ ನಡುವೆ ಮಲಗಿದ್ದರೆ ಕಾಣೋದೇ ಇಲ್ಲ. ಬಂಡೆ ಹತ್ತುವಾಗ ಕಣ್ಣಿಗೆ ಕಾಣದ ಸಂದಿಗೆ ಕೈ ಇಡಬೇಡಿ. ಹೆಜ್ಜೇನು ಗೂಡಿನ ಕೆಳಗೆ ಸದ್ದು, ಹೊಗೆ, ಸೆಂಟು ಮೂರೂ ಬೇಡ.

ಬಟ್ಟೆ ವಿಷಯ: ಭಾರಿ ಜಾಕೆಟ್ ದಂಡ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಒಂದು ತೆಳು ಸ್ವೆಟರ್ ಸಾಕು, ಅದೂ ಅರ್ಧ ದಾರಿಗೆ ಸೊಂಟಕ್ಕೆ ಬರುತ್ತದೆ. ಉಣ್ಣೆ ಪ್ಯಾಂಟ್ ಮಾತ್ರ ಬೇಡವೇ ಬೇಡ. ಉತ್ತರಾಣಿ ಮುಳ್ಳು ಅಂಟಿಕೊಂಡು ಮನೆಗೆ ಬಂದು ಬಿಡಿಸೋಕೆ ಕೂರಬೇಕು. ನುಣುಪಾದ ನೈಲಾನ್ ಪ್ಯಾಂಟ್ ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ವಾಪಸ್ ಬರುವಾಗ ಅವರೆಕಾಳು ಉಪ್ಪಿಟ್ಟು ಸಿಗುವ ಕಡೆ ನಿಲ್ಲಿ, ಸೊಗಡು ಅವರೆ ಸಿಗೋದು ಈ ತಿಂಗಳುಗಳಲ್ಲೇ.

ಸಾಗರದಿಂದ:
ತುರಹಳ್ಳಿಗಲ್ಲ, ಚಳಿಗಾಲದ ರಜೆಗೆ ಮಲೆನಾಡಿನ ಕಾಡಿಗೆ ಬರುವವರಿಗೆ ಈ ಮಾತು. ನಮ್ಮ ಕಡೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಇದು, ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಚ್ಚಿ ಬರುತ್ತದೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆ ಜಾಗದಲ್ಲಿ ನಿಲ್ಲಬೇಡಿ, ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ತರಗೆಲೆ ಮೇಲೆ ಕೂರೋದು, ಮಲಗೋದು ಬೇಡ. ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಪತ್ರ ಈ ವಾರವೇ ಬರೀತೀನಿ. ಉತ್ತರ ಬರೋವರೆಗೆ ಏನಾದರೂ ಮಾಡಬಹುದಾ? ಮಗ ಬಿಡ್ತಿಲ್ಲ.

ತಲಘಟ್ಟಪುರದಿಂದ:
ಕಸ ಹೆಕ್ಕಿ ಸರ್. ಹೊಸ ವರ್ಷದ ಮಾರನೇ ಬೆಳಿಗ್ಗೆ ಬಂಡೆ ಸುತ್ತ ಬಾಟಲಿ ಚೂರಿಗೆ ಬರ ಇರಲ್ಲ. ಗಾರ್ಡಿಗೆ ಒಂದು ಮಾತು ಹೇಳಿ ಒಳಗೆ ಹೋಗಿ. ಚೂರುಗಳಿಗೆ ಇಕ್ಕಳ, ದಪ್ಪ ಕೈಗವಸು, ಹಳೇ ಪೇಂಟ್ ಡಬ್ಬಿ ತನ್ನಿ. ಗೋಣಿಚೀಲಕ್ಕೆ ಹಾಕಿದರೆ ಹರಿದು ಕಾಲಿಗೆ ಬೀಳುತ್ತದೆ. ಚೂರು ನೀವು ತೆಗೆಯಿರಿ, ಮಗನಿಗೆ ಚಿಪ್ಸ್ ಕವರ್ ಬಿಡಿ.

ತರಗೆಲೆ ಗುಡಿಸಬೇಡಿ, ಗುಡ್ಡೆ ಹಾಕಿ ಸುಡೋದಂತೂ ಕನಸಲ್ಲೂ ಬೇಡ. ಫೆಬ್ರುವರಿ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು. ಬೆಂಕಿ ಹರಡದಿರಲಿ ಅಂತ ಇಲಾಖೆಯವರೇ ಹುಲ್ಲಿನ ಒಂದು ಪಟ್ಟಿ ಸವರಿ ಸುಟ್ಟಿರುತ್ತಾರೆ, ಬೆಂಕಿ ರೇಖೆ ಅಂತಾರೆ, ಕಂಡರೆ ಗಾಬರಿ ಬೇಡ. ಅದು ಬಿಟ್ಟು ಬೇರೆಲ್ಲಾದರೂ ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಯಾವ ಗೇಟು, ಬೆಟ್ಟದ ಯಾವ ಕಡೆ, ಗಾಳಿ ಎತ್ತ ಬೀಸ್ತಿದೆ ಅಂತ ಹೇಳಿ. "ತುರಹಳ್ಳೀಲಿ ಬೆಂಕಿ" ಅಂದಷ್ಟಕ್ಕೆ ಅವರಿಗೆ ಜಾಗ ಸಿಗೋದು ಕಷ್ಟ.